ಕ್ಷಾರದ ನೀರಿನಲ್ಲಿ ಕರಗಿದ ಲೋಹ

ಅಲ್ಯುಮಿನಿಯಂ ಪಾತ್ರೆಯಲ್ಲಿ ಬಟ್ಟೆ ಸೋಡ ಕಾಯಿಸಬಾರದೆಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಕಾಯಿಸಿ ನೋಡಿದವರು ಎರಡನೆಯ ಸಲ ಆ ಕೆಲಸಕ್ಕೆ ಹೋಗುವುದಿಲ್ಲ. ಪಾತ್ರೆಯ ಒಳಮೈ ಕಪ್ಪಿಡುತ್ತದೆ, ನೀರಿನಲ್ಲಿ ಗುಳ್ಳೆಯೇಳುತ್ತದೆ, ತಳ ಸವೆದು ತೆಳುವಾಗುತ್ತದೆ. ಸವೆದ ಲೋಹ ಎಲ್ಲಿಗೆ ಹೋಯಿತು? ನೀರಿಗೇ ಹೋಯಿತು. ಆದರೆ ನೀರು ಮಾತ್ರ, ಏನೂ ನಡೆದೇ ಇಲ್ಲವೆಂಬಂತೆ, ತಿಳಿಯಾಗಿಯೇ ಇರುತ್ತದೆ.

ಇಂಥ ನೀರಿನ ಮೇಲೆ ನಾನು ಒಂದು ಲೋಟ ಕಾಫಿ ಪಣವಿಟ್ಟು ಸೋತೆ. ರಸಾಯನಶಾಸ್ತ್ರ ಹೇಳುವ ಮಿತ್ರರೊಬ್ಬರು ಅಧ್ಯಾಪಕರ ಕೊಠಡಿಯಲ್ಲಿ ಒಂದು ಪ್ರಶ್ನೆ ಹಾಕಿದರು: ಕಾಸ್ಟಿಕ್ ಸೋಡದ ನೀರಿನಲ್ಲಿ ವಿದ್ಯುತ್ತು ಹರಿಯುತ್ತದಷ್ಟೆ, ಅದರಲ್ಲಿ ಅಲ್ಯುಮಿನಿಯಂ ಕರಗಿಸಿದರೆ ಆ ಹರಿವು ಹೆಚ್ಚುತ್ತದೆಯೆ, ಕಡಮೆಯಾಗುತ್ತದೆಯೆ? ನಾನು ಹಳಗನ್ನಡ ಪಾಠ ಹೇಳಿಕೊಂಡಿರುವವನು. ಆದರೂ ತಂತಿಯನ್ನು ಲೋಹದಿಂದಲೇ ಮಾಡುತ್ತಾರೆ ಎಂಬಷ್ಟು ಲೋಕಜ್ಞಾನ ನನಗೂ ಉಂಟು. ಊರಿಂದೂರಿಗೆ ವಿದ್ಯುತ್ತನ್ನು ಹೊತ್ತು ತರುವ ದಪ್ಪ ತಂತಿಗಳು ಅಲ್ಯುಮಿನಿಯಮ್ಮಿನವೇ ಅಲ್ಲವೆ? ಹೆಚ್ಚಲೇಬೇಕು ಎಂದೆ. ಕಾಫಿಯ ಪಣ ಕಟ್ಟಿಯೇ ಪ್ರಯೋಗಶಾಲೆಗೆ ನಡೆದೆವು.

ಮಿತ್ರರು ತೆರೆದ ಕಿಟಕಿಯ ಬಳಿ ಗಾಜಿನ ಪಾತ್ರೆಯಿಟ್ಟರು. ಹೊರಡುವ ಗಾಳಿ ಜಲಜನಕ, ಅದಕ್ಕೆ ಕಿಡಿ ತಗುಲಬಾರದು. ಕ್ಷಾರದ ನೀರಿನಲ್ಲಿ ಎರಡು ಪ್ಲಾಟಿನಂ ಹಲಗೆಗಳನ್ನು ಇಳಿಬಿಟ್ಟು ಮುಳ್ಳಿನ ಮಾಪಕವೊಂದಕ್ಕೆ ತಗುಲಿಸಿ, ಮುಳ್ಳು ನಿಂತ ಕಡೆ ಗುರುತು ಹಾಕಿದರು. ಬಳಿಕ ತೆಳುವಾದ ಅಲ್ಯುಮಿನಿಯಂ ಹಾಳೆಯ ಚೂರುಗಳನ್ನು ಒಂದೊಂದಾಗಿ ಹಾಕಿದರು. ನೀರು ಭೋರೆಂದು ನೊರೆಗಟ್ಟಿತು. ನೊರೆ ಅಡಗಿದ ಮೇಲೆ ನೋಡಿದರೆ ಮುಳ್ಳು ಗುರುತನ್ನು ದಾಟಿ ಮೇಲೇರಿತ್ತು! ಗೆದ್ದೆನೆಂದು ಬೀಗಿದೆ. ಮಿತ್ರರು ನಕ್ಕು, ‘ಸ್ವಾಮಿ, ಪಾತ್ರೆಯನ್ನು ಹೊರಗಿನಿಂದ ಮುಟ್ಟಿ ನೋಡಿ’ ಎಂದರು. ಮುಟ್ಟಿದೆ, ಸುಡುತ್ತಿತ್ತು. ಲೋಹ ಕರಗುವಾಗ ಬಿಸಿ ಹುಟ್ಟುತ್ತದೆ. ದ್ರಾವಣದ ಬಿಸಿ ಒಂದು ಡಿಗ್ರಿ ಏರಿದರೆ ಅದರ ವಾಹಕತೆ ನೂರಕ್ಕೆ ಸುಮಾರು ಎರಡು ಪಾಲು ಏರುತ್ತದೆ. ಮುಳ್ಳನ್ನು ಏರಿಸಿದ್ದು ಲೋಹವಲ್ಲ, ಕಾವು. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಒಂದು ಗಂಟೆ ಬಿಟ್ಟು ಬಂದು ನೋಡಿದಾಗ ಮುಳ್ಳು ಮೊದಲಿನ ಗುರುತಿಗಿಂತ ಚೆನ್ನಾಗಿಯೇ ಕೆಳಗಿಳಿದಿತ್ತು.

ಕಾಫಿ ಕೊಡಿಸಿದೆ. ಆದರೆ ಸಮಾಧಾನವಾಗಲಿಲ್ಲ. ಲೋಹ ಸೇರಿದರೆ ಹರಿವು ಏಕೆ ಕುಗ್ಗಬೇಕು? ಮಿತ್ರರು ಕೊಟ್ಟ ಪುಸ್ತಕಗಳನ್ನು ರಜೆಯಲ್ಲಿ ಓದುತ್ತ ಹೋದಂತೆ ಈ ಸಣ್ಣ ಮಾತಿನ ಹಿಂದೆ ಯೂರೋಪಿನ ಪಂಡಿತರ ನೂರು ವರ್ಷದ ಹೆಣಗಾಟವಿದೆಯೆಂದು ತಿಳಿಯಿತು. ನನ್ನ ತಪ್ಪು ಅವರಲ್ಲಿಯೂ ಅನೇಕರ ತಪ್ಪಾಗಿತ್ತೆಂಬುದನ್ನು ಕಂಡು ಸ್ವಲ್ಪ ಸಂತೋಷವೂ ಆಯಿತೆನ್ನಬೇಕು.

ಕ್ಷಾರಕ್ಕೂ ವಿದ್ಯುತ್ತಿಗೂ ಮೊದಲ ದೊಡ್ಡ ಗಂಟು ಬಿದ್ದದ್ದು 1807ರ ಅಕ್ಟೋಬರಿನಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ಹಂಫ್ರಿ ಡೇವಿ ಪೊಟ್ಯಾಷ್ ಕ್ಷಾರವನ್ನು ನೀರಿನಲ್ಲಿ ಕರಗಿಸಿ ಬಲವಾದ ಬ್ಯಾಟರಿಯಿಂದ ಪ್ರವಾಹ ಹರಿಸಿದ. ಎರಡು ಕಡೆಯಲ್ಲೂ ಗುಳ್ಳೆ ಬಂತೇ ಹೊರತು ಮತ್ತೇನೂ ಬರಲಿಲ್ಲ. ನೀರು ಮಾತ್ರ ಒಡೆದು ಜಲಜನಕ, ಆಮ್ಲಜನಕಗಳಾಗಿ ಹೋಯಿತು. ಆಮೇಲೆ ಆತ ನೀರನ್ನು ಬಿಟ್ಟು, ಗಟ್ಟಿ ಕ್ಷಾರವನ್ನೇ ಗಾಳಿಯ ತೇವದಿಂದ ತುಸು ಒದ್ದೆಮಾಡಿ ಪ್ರವಾಹ ಕೊಟ್ಟಾಗ, ಪಾದರಸದಂತೆ ಹೊಳೆಯುವ ಹನಿಗಳು ಮೂಡಿ ಕೆಲವು ಸಿಡಿದು ಉರಿದುವು. ಅದೇ ಪೊಟ್ಯಾಸಿಯಂ ಲೋಹ. ಸಂತೋಷದಿಂದ ಡೇವಿ ಕೋಣೆಯ ತುಂಬ ಕುಣಿದಾಡಿದನಂತೆ. ಕೆಲವೇ ದಿನಗಳಲ್ಲಿ ಸೋಡಕ್ಷಾರದಿಂದ ಸೋಡಿಯಂ ಹೊರಬಂತು. ನಮ್ಮ ಅಜ್ಜಿಯರು ಬೂದಿಯನ್ನು ನೆನೆಸಿ ತಿಳಿ ಬಸಿಯುತ್ತಿದ್ದ ಆ ಜಾರುವ ನೀರಿನೊಳಗೆ ಒಂದು ಲೋಹ ಮೊದಲಿನಿಂದಲೂ ಅಡಗಿತ್ತು ಎಂದಾಯಿತು.

ಆದರೆ ಪ್ರವಾಹ ನೀರಿನಲ್ಲಿ ಸಾಗುವುದು ಹೇಗೆ? ಇದಕ್ಕೆ ಡೇವಿಗಿಂತ ಎರಡು ವರ್ಷ ಮೊದಲೇ ಒಬ್ಬ ಇಪ್ಪತ್ತು ವರ್ಷದ ಹುಡುಗ ಉತ್ತರ ಹೇಳಿದ್ದ. ತಿಯೊಡೊರ್ ಗ್ರೋಟ್ಹುಸ್ ಎಂಬುದು ಆತನ ಹೆಸರು. 1785ರಲ್ಲಿ ಲೈಪ್ಜಿಗ್ ನಗರದಲ್ಲಿ ಹುಟ್ಟಿ ಬಾಲ್ಟಿಕ್ ಪ್ರಾಂತದಲ್ಲಿ ಬೆಳೆದವನು. ಇಟಲಿಯ ಪ್ರವಾಸದಲ್ಲಿದ್ದಾಗ 1805ರಲ್ಲಿ ರೋಮಿನಲ್ಲಿ ಒಂದು ಸಣ್ಣ ಪ್ರಬಂಧವನ್ನು ಅಚ್ಚುಹಾಕಿಸಿದ. ನೀರಿನ ಕಣವೊಂದು ಈ ದಡದಿಂದ ಆ ದಡಕ್ಕೆ ಓಡಿಹೋಗಬೇಕಾಗಿಲ್ಲ. ಸಾಲಾಗಿ ನಿಂತ ಕಣಗಳು ತಮ್ಮ ತಮ್ಮ ಜೊತೆಗಾರರನ್ನು ಅದಲುಬದಲು ಮಾಡಿಕೊಂಡರೆ ಸಾಕು, ಎರಡು ತುದಿಗಳಲ್ಲಿ ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ — ಇದು ಆತನ ಕಲ್ಪನೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಊರವರು ಬಾವಿಯಿಂದ ಬಣವೆಯವರೆಗೆ ಸಾಲು ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಯಾರೂ ನಿಂತ ಜಾಗ ಬಿಡುವುದಿಲ್ಲ. ನೀರು ಮಾತ್ರ ಓಡುತ್ತದೆ. ಗ್ರೋಟ್ಹುಸ್ ಅಂಥದನ್ನೇ ಮನಸ್ಸಿನಲ್ಲಿ ಕಂಡ. ಮುಂದೆ ಆತ ತಾಯಿಯ ಹಳ್ಳಿಮನೆಯಲ್ಲಿ, ವಿದ್ಯಾಕೇಂದ್ರಗಳಿಂದ ದೂರವಾಗಿ, ಒಬ್ಬಂಟಿಯಾಗಿ ಪ್ರಯೋಗ ಮಾಡಿಕೊಂಡಿದ್ದ. ತಾಳಲಾರದ ಕಾಯಿಲೆಯ ನೋವಿನಿಂದ 1822ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಆಗ ಆತನಿಗೆ ಮೂವತ್ತೇಳು ವರ್ಷ. ಆತನ ಸರಪಣಿಯ ಕಲ್ಪನೆ ಅಕ್ಷರಶಃ ನಿಲ್ಲಲಿಲ್ಲ, ಆದರೆ ಸಾಯಲೂ ಇಲ್ಲ. ನನ್ನ ಕಾಫಿಯ ಪಣ ಸೋತದ್ದರ ಮೂಲವೂ ಅದರಲ್ಲಿಯೇ ಇದೆ.

ನಡುವೆ ಭಾಷೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿತ ಮೈಕೆಲ್ ಫ್ಯಾರಡೆ 1834ರಲ್ಲಿ ತನ್ನ ಪ್ರಯೋಗಗಳನ್ನು ಬರೆಯಹೊರಟಾಗ ಹಳೆಯ ಪದಗಳು ಆತನ ಕೈಹಿಡಿಯಲಿಲ್ಲ. ಗ್ರೀಕ್ ಓದಿದವನಲ್ಲ. ಕೇಂಬ್ರಿಜ್ಜಿನ ವಿಲಿಯಂ ಹ್ಯೂವೆಲನಿಗೆ ಕಾಗದ ಬರೆದು, ಹೊಸ ಪದಗಳನ್ನು ಕೇಳಿ ಪಡೆದ. ಹಾಗೆ ಬಂದವುಗಳಲ್ಲಿ ‘ಅಯಾನು’ ಒಂದು; ಗ್ರೀಕಿನಲ್ಲಿ ‘ಹೋಗುವಂಥದು’ ಎಂದು ಅರ್ಥ. ಆ ಗ್ರೀಕ್ ಧಾತುವೂ ಸಂಸ್ಕೃತದಲ್ಲಿ ‘ಹೋಗು’ ಎಂಬರ್ಥದ ‘ಇ’ ಧಾತುವೂ ಒಂದೇ ಬೇರಿನವು. ಉತ್ತರಾಯಣ, ದಕ್ಷಿಣಾಯನ, ರಾಮಾಯಣ ಇವುಗಳಲ್ಲಿರುವ ‘ಅಯನ’ ಹುಟ್ಟಿದ್ದು ಆ ಧಾತುವಿನಿಂದಲೇ. ನಮ್ಮ ಪಠ್ಯಪುಸ್ತಕಗಳ ಅಯಾನು ಹೊರಗಿನಿಂದ ಬಂದ ನೆಂಟನಂತೆ ಕಂಡರೂ ಮನೆಯ ದಾಯಾದಿಯೇ. ಕನ್ನಡ ಅಧ್ಯಾಪಕನೊಬ್ಬನಿಗೆ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೇನು ಬೇಕು?

ಹೋಗುವವರು ಯಾರು, ಎಷ್ಟು ವೇಗವಾಗಿ, ಯಾವ ದಿಕ್ಕಿಗೆ ಹೋಗುತ್ತಾರೆ ಎಂಬುದನ್ನು ಲೆಕ್ಕಕ್ಕೆ ತಂದವನು ಜರ್ಮನಿಯ ಮ್ಯೂನ್‌ಸ್ಟರಿನಲ್ಲಿದ್ದ ಯೊಹಾನ್ ಹಿಟ್ಟಾರ್ಫ್. 1853ರಿಂದ ಆರೇಳು ವರ್ಷ ಆತ ಇದೇ ಕೆಲಸ ಮಾಡಿದ. ಎರಡು ಬಗೆಯ ಅಯಾನುಗಳು ಎದುರುಬದುರಾಗಿ ಹೊರಟರೂ ಸಮವೇಗದಲ್ಲಿ ನಡೆಯುವುದಿಲ್ಲ. ಪ್ರವಾಹದ ಹೊರೆಯಲ್ಲಿ ಒಬ್ಬನದು ಹೆಚ್ಚು ಪಾಲು, ಒಬ್ಬನದು ಕಡಮೆ. ಇನ್ನೂ ವಿಚಿತ್ರವಾದ ಸಂಗತಿಯೊಂದನ್ನು ಆತ ತೋರಿಸಿದ. ಲೋಹವೆಂದರೆ ಋಣಧ್ರುವದ ಕಡೆಗೆ ಹೋಗತಕ್ಕದ್ದೆಂಬುದು ನಂಬಿಕೆ. ಆದರೆ ಪೊಟ್ಯಾಸಿಯಂ ಸಯನೈಡಿನಲ್ಲಿ ಬೆಳ್ಳಿಯನ್ನು ಕರಗಿಸಿದರೆ ಆ ಬೆಳ್ಳಿ ಧನಧ್ರುವದ ಕಡೆಗೆ, ಅಂದರೆ ತನ್ನ ಜಾತಿಗೆ ಸಲ್ಲದ ದಿಕ್ಕಿಗೆ, ಸಾಗುತ್ತದೆ! ಬೆಳ್ಳಿ ಅಲ್ಲಿ ಒಂಟಿಯಾಗಿಲ್ಲ. ಸಯನೈಡುಗಳ ನಡುವೆ ಸಿಕ್ಕಿಕೊಂಡಿದೆ, ಆ ಗುಂಪು ಎಳೆದತ್ತ ಅದೂ ಹೋಗಬೇಕು. ಕರಗಿದ ಲೋಹವೆಲ್ಲ ಒಂದೇ ಬಗೆಯಲ್ಲ ಎಂಬ ಈ ಮಾತು ಮುಂದೆ ಬಲು ದೊಡ್ಡದಾಯಿತು. ಆಗ ಅದನ್ನು ಕೇಳಿದವರು ಕಡಮೆ.

ಅಳತೆಯ ಕಷ್ಟವೂ ಇತ್ತು. ನೇರ ಪ್ರವಾಹ ಹರಿಸಿದರೆ ಹಲಗೆಗಳ ಮೇಲೆ ಗುಳ್ಳೆ ಕಟ್ಟಿ ದ್ರಾವಣದ ಗುಣ ಯಾವುದು, ಹಲಗೆಯ ದೋಷ ಯಾವುದು ಎಂದು ತಿಳಿಯುತ್ತಿರಲಿಲ್ಲ. ಫ್ರೀಡ್ರಿಷ್ ಕೋಲ್ರೌಶ್ ಮುಂದೆ ಹಿಂದೆ ತೂಗುವ ಪ್ರವಾಹವನ್ನು ಬಳಸಿದ; ಹಲಗೆಗಳಿಗೆ ಪ್ಲಾಟಿನಮ್ಮಿನ ಕಪ್ಪು ಹುಡಿ ಹಿಡಿಸಿದ; ಆಗ ಹೊಸದಾಗಿ ಬಂದಿದ್ದ ಟೆಲಿಫೋನನ್ನು ಕಿವಿಗೆ ಹಿಡಿದು, ಸದ್ದು ಅಡಗುವ ಬಿಂದುವನ್ನು ಹುಡುಕಿ ಅಳತೆ ಮಾಡಿದ. ವಿದ್ಯುತ್ತಿನ ಹರಿವನ್ನು ಮೌನದಿಂದ ಅಳೆದ ಈ ಮನುಷ್ಯನಲ್ಲಿ ನನಗೆ ವಿಶೇಷ ಗೌರವ. ತೆಳುವಾದ ದ್ರಾವಣದಲ್ಲಿ ಪ್ರತಿಯೊಂದು ಅಯಾನೂ ತನ್ನ ಸಂಗಾತಿ ಯಾರೆಂದು ನೋಡದೆ ತನ್ನದೇ ವೇಗದಲ್ಲಿ ಸಾಗುತ್ತದೆ ಎಂದು 1870ರ ದಶಕದಲ್ಲಿ ಆತ ಸ್ಥಾಪಿಸಿದ.

ಆ ಲೆಕ್ಕ ಇಂದು ಯಾವ ಕೈಪಿಡಿಯಲ್ಲಿಯಾದರೂ ಸಿಗುತ್ತದೆ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಒಂದೇ ಮಾನದಲ್ಲಿ, ಲಿಥಿಯಮ್ಮಿನ ಪಾಲು 39, ಸೋಡಿಯಮ್ಮಿನದು 50, ಪೊಟ್ಯಾಸಿಯಮ್ಮಿನದು 73, ಕ್ಲೋರೈಡಿನದು 76. ಇವೆಲ್ಲ ಹೆಚ್ಚು ಕಡಮೆ ಒಂದೇ ನಡಿಗೆಯವು. ಆದರೆ ಕ್ಷಾರಕ್ಕೆ ಕ್ಷಾರತ್ವವನ್ನು ಕೊಡುವ ಹೈಡ್ರಾಕ್ಸಿಲ್ ಅಯಾನಿನದು 198! ಅದನ್ನು ಮೀರಿದ್ದು ಆಮ್ಲದ ಜಲಜನಕ ಅಯಾನು ಮಾತ್ರ, 350. ಕಾಸ್ಟಿಕ್ ಸೋಡದ ತೆಳು ದ್ರಾವಣದಲ್ಲಿ ಹರಿಯುವ ಪ್ರವಾಹದಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹೈಡ್ರಾಕ್ಸಿಲ್ ಒಂದೇ ಹೊರುತ್ತದೆ; ಸೋಡಿಯಂ ಲೋಹದ ಅಯಾನು ಹೊರುವುದು ಉಳಿದ 20 ಮಾತ್ರ. ಲೋಹವೇ ವಿದ್ಯುತ್ತನ್ನು ಹೊರುವುದೆಂದು ನಂಬಿ ಪಣ ಕಟ್ಟಿದವನು ಈ ಅಂಕಿಗಳನ್ನು ಮೊದಲೇ ನೋಡಬೇಕಾಗಿತ್ತು.

ಹೈಡ್ರಾಕ್ಸಿಲಿಗೆ ಈ ವೇಗ ಎಲ್ಲಿಂದ? ಅದು ಓಡುವುದೇ ಇಲ್ಲ. ಗ್ರೋಟ್ಹುಸ್ ಕಂಡಂತೆ ಕೈಯಿಂದ ಕೈಗೆ ದಾಟುತ್ತದೆ. ಪಕ್ಕದ ನೀರಿನ ಕಣ ತನ್ನದೊಂದು ಜಲಜನಕದ ಬೀಜವನ್ನು ಹೈಡ್ರಾಕ್ಸಿಲಿಗೆ ಕೊಟ್ಟರೆ, ಪಡೆದದ್ದು ನೀರಾಗುತ್ತದೆ, ಕೊಟ್ಟದ್ದು ಹೈಡ್ರಾಕ್ಸಿಲ್ ಆಗುತ್ತದೆ. ಹೀಗೆ ‘ಇಲ್ಲದಿರುವಿಕೆ’ಯೊಂದು ಸಾಲಿನುದ್ದಕ್ಕೂ ಜಾರಿಹೋಗುತ್ತದೆ. ಈ ದಾಟಿಕೆಯ ಒಳವಿವರವನ್ನು ಇತ್ತೀಚಿನ ದಶಕಗಳಲ್ಲಿ ಕಂಪ್ಯೂಟರ್ ಗಣನೆಗಳಿಂದ ಬಹಳ ತಿದ್ದಿದ್ದಾರೆ. ಹೆಸರು ಮಾತ್ರ ರೋಮಿನಲ್ಲಿ ಪ್ರಬಂಧ ಅಚ್ಚುಹಾಕಿಸಿದ ಆ ಹುಡುಗನದೇ ಉಳಿದಿದೆ.

ಅಯಾನುಗಳು ಪ್ರವಾಹ ಬಂದಮೇಲೆ ಹುಟ್ಟುವುವಲ್ಲ, ವಸ್ತು ನೀರಿನಲ್ಲಿ ಕರಗಿದಾಗಲೇ ಬಿಡಿಯಾಗಿ ಇರುತ್ತವೆ ಎಂದು ಹೇಳುವ ಧೈರ್ಯ ಮಾಡಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್. ಆ ಮತ ಅಂಕುರಿಸಿದ್ದು 1884ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ. ಆತನಿಗೆ ಸಿಕ್ಕಿದ್ದು ಅಧ್ಯಾಪಕ ಹುದ್ದೆಗೂ ಸಾಲದಷ್ಟು ಕೆಳದರ್ಜೆ. ಆತ ಸುಮ್ಮನಿರದೆ ಪ್ರತಿಗಳನ್ನು ಹೊರನಾಡಿನ ಪಂಡಿತರಿಗೆ ಕಳಿಸಿದ. ರೀಗದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡನಿಗೆ ಒಂದೇ ದಿನ ಈ ಪ್ರಬಂಧ, ಒಂದು ಹೆಣ್ಣುಮಗು, ಒಂದು ಹಲ್ಲುನೋವು ಮೂರೂ ದೊರೆತುವಂತೆ. ಮೂರರಲ್ಲಿ ಹೆಚ್ಚು ಕಾಡಿದ್ದು ಪ್ರಬಂಧವೇ ಎಂದು ಆತನೇ ಹೇಳಿಕೊಂಡಿದ್ದಾನೆ. ಅದೇ ವರ್ಷ ಆತ ಹಡಗು ಹತ್ತಿ ಉಪ್ಸಾಲಕ್ಕೆ ಬಂದ. ಕೆಳದರ್ಜೆಯ ಪ್ರಬಂಧದಿಂದ ಬೆಳೆದ ಆ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪಾರಿತೋಷಕ ಬಂತು. ಉತ್ತರಪತ್ರಿಕೆ ತಿದ್ದುವಾಗ ಈ ಕಥೆ ನನಗೆ ಆಗಾಗ ನೆನಪಾಗಿ ಕೈಯಲ್ಲಿನ ಕೆಂಪು ಮಸಿ ಸ್ವಲ್ಪ ಹೆದರುತ್ತದೆ.

ಇನ್ನು ಅಲ್ಯುಮಿನಿಯಂ ಕರಗಿದ ನೀರಿಗೆ ಬರೋಣ. ಅಲ್ಯುಮಿನಿಯಂ, ಸತುವು, ತವರ, ಸೀಸ ಇಂಥ ಕೆಲವು ಲೋಹಗಳು ಆಮ್ಲದಲ್ಲಿಯೂ ಕರಗುತ್ತವೆ, ಕ್ಷಾರದಲ್ಲಿಯೂ ಕರಗುತ್ತವೆ. ಕ್ಷಾರದಲ್ಲಿ ಅವು ಏನಾಗಿರುತ್ತವೆ ಎಂಬುದರ ಮೇಲೆ ದೊಡ್ಡ ವಾದವೇ ಇತ್ತು. ಹೈಡ್ರಾಕ್ಸಿಲುಗಳೊಡನೆ ನಿಜವಾಗಿ ಕೂಡಿ ಒಂದು ಲವಣವಾಗುತ್ತವೆ ಎಂದರು ಕೆಲವರು. ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದ ಸುಣ್ಣದಂತೆ ಸುಮ್ಮನೆ ತೇಲುತ್ತಿರುತ್ತವೆ, ಕೂಡುವುದೇನೂ ಇಲ್ಲ ಎಂದರು ಮತ್ತೆ ಕೆಲವರು. ವಾಹಕತೆಯ ಅಳತೆ ಇಲ್ಲಿ ಸಾಕ್ಷಿಯ ಕಟಕಟೆಗೆ ಬಂತು. ಬರಿಯ ತೇಲಾಟವಾಗಿದ್ದರೆ ಹೈಡ್ರಾಕ್ಸಿಲುಗಳು ಎಷ್ಟಿದ್ದವೋ ಅಷ್ಟೇ ಇರಬೇಕು, ಹರಿವು ಬಹುಮಟ್ಟಿಗೆ ಹಾಗೆಯೇ ಉಳಿಯಬೇಕು. ನಿಜವಾಗಿ ಕೂಡಿದ್ದರೆ ಕೂಡಿದಷ್ಟು ಹೈಡ್ರಾಕ್ಸಿಲ್ ಕಾಣೆಯಾಗಿ ಹರಿವು ಇಳಿಯಬೇಕು. 1902ರಲ್ಲಿ ಆರ್ಥರ್ ಹಾಂಟ್ಷ್ ಈ ಬಗೆಯ ದ್ರಾವಣಗಳ ಸ್ವರೂಪವನ್ನು ಕುರಿತು ಬರೆದ. ತಕರಾರು ಅಲ್ಲಿಗೇ ನಿಲ್ಲಲಿಲ್ಲ. ಒಂದೊಂದು ಲೋಹಕ್ಕೂ ಒಂದೊಂದು ವ್ಯಾಜ್ಯ ನಡೆದು ದಶಕಗಳು ಕಳೆದುವು.

ಕೊನೆಗೆ ತೀರ್ಪು ಕೂಡಿಕೆಯ ಕಡೆಗಾಯಿತು. ಅಲ್ಯುಮಿನಿಯಮ್ಮಿನ ಒಂದು ಪರಮಾಣು ನಾಲ್ಕು ಹೈಡ್ರಾಕ್ಸಿಲುಗಳನ್ನು ಸುತ್ತ ಕೂರಿಸಿಕೊಂಡು ಒಂದು ಋಣ ಅಯಾನಾಗುತ್ತದೆ. ಆ ನಾಲ್ಕರಲ್ಲಿ ಮೂರರ ಲೆಕ್ಕ ನೀರಿನಿಂದ ತುಂಬುತ್ತದೆ. ಕ್ಷಾರದ ಕೈಯಿಂದ ಹೋಗುವುದು ಒಂದು. ಸತುವು ಇನ್ನೂ ದುಬಾರಿ, ಪರಮಾಣುವೊಂದಕ್ಕೆ ಕ್ಷಾರದಿಂದ ಎರಡನ್ನು ಕಿತ್ತುಕೊಳ್ಳುತ್ತದೆ. ಸತುವಿನ ಈ ನಾಲ್ಕು ಮೂಲೆಯ ಆಕಾರವನ್ನು 1960ರ ದಶಕದಲ್ಲಿ ಗುರುತಿಸಲು ನೆರವಾದ ಸಾಧನಗಳಲ್ಲಿ ಒಂದು ರಾಮನ್ ಪರಿಣಾಮ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಆ ಬೆಳಕಿನ ಚದುರಿಕೆ ಕ್ಷಾರಜಲದ ಹಳೆಯ ವ್ಯಾಜ್ಯಕ್ಕೂ ಸಾಕ್ಷಿ ಹೇಳಿತು. ಆ ಹೊತ್ತಿಗೆ ರಾಮನ್ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಹೂವುಗಳ ಬಣ್ಣವನ್ನು ಕುರಿತು ಚಿಂತಿಸುತ್ತಿದ್ದರು.

ನಡೆದದ್ದು ಇಷ್ಟೆ: ಕೊಡ ದಾಟಿಸುವ ಸಾಲಿನಿಂದ ಚುರುಕಾದ ಆಳೊಬ್ಬನನ್ನು ಲೋಹ ಎಳೆದುಕೊಂಡು ತನ್ನ ಪಲ್ಲಕ್ಕಿಗೆ ಕಟ್ಟಿತು. ಪಲ್ಲಕ್ಕಿಯೂ ಮುಂದೆ ಹೋಗುತ್ತದೆ, ನಿಜ. ಆದರೆ ಅದು ತನ್ನ ಭಾರವನ್ನು ಹೊತ್ತು, ನೀರನ್ನು ನೂಕಿಕೊಂಡು ನಿಧಾನವಾಗಿ ಹೋಗಬೇಕು. ಕೈಯಿಂದ ಕೈಗೆ ದಾಟುವ ಉಪಾಯ ಅದಕ್ಕಿಲ್ಲ. ದ್ರಾವಣ ಮಂದವಾಗಿ ಜಿಗುಟಾದರೆ ಇನ್ನೂ ಕಷ್ಟ.

ಇದು ಪಂಡಿತರ ಕೊಠಡಿಯ ಮಾತಷ್ಟೇ ಅಲ್ಲ. 1881ರ ಸುಮಾರಿಗೆ ಫ್ರಾನ್ಸಿನ ಲಾಲಾಂಡ್ ಮತ್ತು ಶಾಪೆರಾನ್ ಎಂಬಿಬ್ಬರು ಸತುವು, ತಾಮ್ರದ ಆಕ್ಸೈಡು, ಕಾಸ್ಟಿಕ್ ಕ್ಷಾರ ಇವುಗಳಿಂದ ಒಂದು ವಿದ್ಯುತ್ಕೋಶ ಮಾಡಿದರು. ಎಡಿಸನ್ ಅದನ್ನು ತಿದ್ದಿ ಮಾರಾಟಕ್ಕೆ ತಂದ. ಅಮೆರಿಕದ ರೈಲ್ವೆ ಸಿಗ್ನಲುಗಳಲ್ಲಿ ಅದು ಬಹುಕಾಲ ದುಡಿಯಿತು. ಗಾಳಿಯ ಇಂಗಾಲಾಮ್ಲ ತಾಗದಿರಲೆಂದು ಕ್ಷಾರದ ಮೇಲೆ ಎಣ್ಣೆಯ ಪದರ ಹೊಯ್ಯುತ್ತಿದ್ದರು. ಆದರೆ ಒಳಗಿನ ಶತ್ರುವಿಗೆ ಎಣ್ಣೆ ಏನು ಮಾಡೀತು? ಕೋಶ ಕೆಲಸ ಮಾಡಿದಷ್ಟೂ ಸತುವು ಕರಗಿ ಹೈಡ್ರಾಕ್ಸಿಲನ್ನು ನುಂಗುತ್ತದೆ. ಸತುವು ಸವೆಯುವುದರ ಜೊತೆಗೆ ದ್ರಾವಣವೂ ಮುದಿಯಾಗುತ್ತದೆ.

ಮತ್ತೆ ಮತ್ತೆ ತುಂಬಬಲ್ಲ ಬ್ಯಾಟರಿಯನ್ನು ಮಾಡಹೊರಟಾಗ ಎಡಿಸನ್ ಕ್ಷಾರದಲ್ಲಿ ಕರಗದಂಥ ಜೋಡಿಯನ್ನೇ ಹುಡುಕಿದ: ನಿಕಲ್ ಮತ್ತು ಕಬ್ಬಿಣ. ಸ್ವೀಡನ್ನಿನ ಯುಂಗ್ನರ್ ಎಂಬಾತನೂ ಅದೇ ದಾರಿಯಲ್ಲಿದ್ದ. ಇಬ್ಬರಿಗೂ ಹಕ್ಕಿನ ಜಗಳ ಹತ್ತಿತು. 1903ರಲ್ಲಿ ಎಡಿಸನ್ನನ ಬ್ಯಾಟರಿ ಮಾರುಕಟ್ಟೆಗೆ ಬಂದು, ಸೋರಿ, ಸತ್ತ್ವಗುಂದಿ ಹೆಸರು ಕೆಡಿಸಿತು. ಆತ ತಯಾರಿಕೆಯನ್ನು ನಿಲ್ಲಿಸಿ ವರ್ಷಾನುಗಟ್ಟಲೆ ಪ್ರಯೋಗ ಮಾಡಿ, 1909ರಲ್ಲಿ ಹೊಸದನ್ನು ಹೊರತಂದ. ಹೊಸದರ ಗುಟ್ಟುಗಳಲ್ಲಿ ಒಂದು, ಪೊಟ್ಯಾಷ್ ಕ್ಷಾರಕ್ಕೆ ಸ್ವಲ್ಪ ಲಿಥಿಯಂ ಕ್ಷಾರ ಬೆರೆಸಿದ್ದು. ಮೇಲೆ ಕೊಟ್ಟ ಅಂಕಿಗಳನ್ನು ಮತ್ತೆ ನೋಡಿ: 73ರವನ ಜಾಗದಲ್ಲಿ 39ರವನನ್ನು ನಿಲ್ಲಿಸಿದಂತಾಯಿತು. ಲಿಥಿಯಂ ಹೈಡ್ರಾಕ್ಸಿಲನ್ನು ಸೆರೆಹಿಡಿಯುವುದಿಲ್ಲ, ಅದರದು ಬರಿಯ ಮಂದಗತಿ. ವಾಹಕತೆಯ ದೃಷ್ಟಿಯಿಂದ ಇದು ನಷ್ಟದ ವ್ಯಾಪಾರವೇ. ಆದರೆ ನಿಕಲ್ ಪಟ್ಟಿ ಹಿಡಿದಿಡುವ ವಿದ್ಯುತ್ತು ಹೆಚ್ಚಿತು, ಬಾಳಿಕೆ ಬಂತು. ವಾಹಕತೆಯೊಂದನ್ನೇ ಹಿಡಿದು ಹೊರಟ ಪಂಡಿತನಾಗಿದ್ದರೆ ಲಿಥಿಯಮ್ಮನ್ನು ಬಾಗಿಲಲ್ಲೇ ತಡೆಯುತ್ತಿದ್ದ. ಎಡಿಸನ್ ಪಂಡಿತನಾಗಿರಲಿಲ್ಲ.

ಅಲ್ಯುಮಿನಿಯಂ ಕರಗಿದ ಕ್ಷಾರದಿಂದಲೇ ಬದುಕು ಕಟ್ಟಿದವನು ಕಾರ್ಲ್ ಯೋಸೆಫ್ ಬಾಯರ್. ಆಸ್ಟ್ರಿಯದವನು, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸಕ್ಕಿದ್ದ. ಆತನಿಗೆ ಬೇಕಾಗಿದ್ದುದು ಲೋಹವಲ್ಲ, ಹತ್ತಿಬಟ್ಟೆಗೆ ಬಣ್ಣ ಕಚ್ಚಿಸುವ ಅಲ್ಯುಮಿನ. ಕ್ಷಾರದಲ್ಲಿ ಕರಗಿರುವ ಅಲ್ಯುಮಿನಿಯಮ್ಮಿಗೆ ಅದರದೇ ಹೈಡ್ರಾಕ್ಸೈಡಿನ ಹರಳು ಸ್ವಲ್ಪ ಹೆಪ್ಪು ಹಾಕಿದರೆ — ಹಾಲಿಗೆ ಮಜ್ಜಿಗೆ ಬಿಟ್ಟಂತೆ — ಅದು ತಾನೇ ಹರಳುಗಟ್ಟಿ ಕೆಳಗಿಳಿಯುತ್ತದೆ ಎಂದು 1887ರಲ್ಲಿ ಕಂಡ. ಬಾಕ್ಸೈಟ್ ಅದಿರನ್ನು ಒತ್ತಡದಲ್ಲಿ ಬಿಸಿ ಕ್ಷಾರದಿಂದ ಕರಗಿಸುವ ಕ್ರಮವನ್ನು 1892ರಲ್ಲಿ ಸೇರಿಸಿದ. ಲೋಕದ ಅಲ್ಯುಮಿನದ ಬಹುಪಾಲು ಇಂದಿಗೂ ಹೊರಡುವುದು ಆ ಕ್ರಮದಿಂದಲೇ. ನಮ್ಮ ಬೆಳಗಾವಿಯ ಕಾರ್ಖಾನೆಯದೂ ಅದೇ ವಂಶ. ಇಂಥ ಕಾರ್ಖಾನೆಗಳಲ್ಲಿ ದ್ರಾವಣದ ಸಾಂದ್ರತೆಯ ಜೊತೆಗೆ ವಾಹಕತೆಯನ್ನೂ ಅಳೆದು, ಕ್ಷಾರ ಎಷ್ಟು ಬಿಡುವಾಗಿದೆ, ಎಷ್ಟು ಸೆರೆಯಲ್ಲಿದೆ ಎಂದು ಲೆಕ್ಕ ಹಾಕುವ ಪದ್ಧತಿಯುಂಟು. ನಾನು ಯಾವ ಇಳಿತಕ್ಕೆ ಕಾಫಿ ಸೋತೆನೋ ಅದೇ ಇಳಿತ ಅಲ್ಲಿ ಅಳತೆಗೋಲು.

ನಮ್ಮ ಪ್ರಯೋಗದ ನೀರನ್ನು ಮಿತ್ರರು ಚೆಲ್ಲಿರಲಿಲ್ಲ. ಪ್ಲಾಸ್ಟಿಕ್ ಸೀಸೆಯೊಂದರಲ್ಲಿ ತುಂಬಿ, ಗಾಳಿಯಾಡದಂತೆ ಬಿರಡೆ ಬಿಗಿದು, ಬೀರುವಿನಲ್ಲಿಟ್ಟಿದ್ದರು. ಬೇಸಗೆಯ ರಜೆ ಮುಗಿದು ಕಾಲೇಜು ತೆರೆದ ವಾರ ನನ್ನನ್ನು ಕರೆದು ತೋರಿಸಿದರು. ಸೀಸೆಯ ತಳದಲ್ಲಿ ಬೆಳ್ಳಗೆ ರಂಗೋಲಿ ಹುಡಿಯಂಥದು ಕೂತಿತ್ತು. ಹೆಪ್ಪು ಹಾಕದೆಯೇ ಅಲ್ಯುಮಿನಿಯಮ್ಮಿನ ಹೈಡ್ರಾಕ್ಸೈಡು ತಾನಾಗಿ ಇಳಿದಿತ್ತು. ಮೇಲಣ ತಿಳಿಯನ್ನು ಬಸಿದು, ಹಿಂದಿನ ದಿನದ ಬಿಸಿಗೇ ತಂದು, ಮಾಪಕ ಹಚ್ಚಿದರು. ಮುಳ್ಳು ಹಳೆಯ ಗುರುತಿನವರೆಗೆ ಏರಲಿಲ್ಲ, ಅರ್ಧದಾರಿ ಏರಿ ನಿಂತಿತು.